ದೂರದ ಗ್ಯಾಲಕ್ಸಿಗಳಲ್ಲಿ ನಕ್ಷತ್ರ ಜನನದ ಉಬ್ಬರವನ್ನು ಅಳೆದ ಅನುಭವ

ನಮ್ಮ ಕ್ಷೀರಪಥದಲ್ಲಿ ಸದ್ಯ ವರ್ಷಕ್ಕೆ ಹೆಚ್ಚೆಂದರೆ ಎರಡು ಸೂರ್ಯರಷ್ಟು ದ್ರವ್ಯರಾಶಿಯ ಅನಿಲ ಹೊಸ ನಕ್ಷತ್ರಗಳಾಗಿ ಮಾರ್ಪಡುತ್ತಿದೆ. ಎಲ್ಲ ಗ್ಯಾಲಕ್ಸಿಗಳೂ ಇಷ್ಟು ನಿಧಾನಿಗಳಲ್ಲ. ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರದಲ್ಲಿರುವ ಎಂ82 ಎಂಬ ಗ್ಯಾಲಕ್ಸಿ ಕ್ಷೀರಪಥಕ್ಕಿಂತ ಬಹಳ ಚಿಕ್ಕದಾದರೂ ಅದರ ನಡುಭಾಗದಲ್ಲಿ ನಕ್ಷತ್ರಗಳು ಹುಟ್ಟುವ ದರ ನಮ್ಮಲ್ಲಿಗಿಂತ ಹಲವು ಪಟ್ಟು ಹೆಚ್ಚು. ಅಲ್ಲಿರುವ ಅನಿಲದ ದಾಸ್ತಾನು ಈ ದರದಲ್ಲಿ ಬಹುಕಾಲ ಬಾಳುವಂತಿಲ್ಲವಾದ್ದರಿಂದ ಅದು ಒಂದು ತಾತ್ಕಾಲಿಕ ಉಬ್ಬರವೆಂದೇ ಒಪ್ಪಬೇಕಾಗುತ್ತದೆ. ಹತ್ತಿರದ ಗ್ಯಾಲಕ್ಸಿಗಳಲ್ಲಿ ಇಂಥ ಉಬ್ಬರ ಅಪರೂಪ. ವಿಶ್ವಕ್ಕೆ ನೂರು ಕೋಟಿ ವರ್ಷ ತುಂಬುವ ಆಸುಪಾಸಿನಲ್ಲಿದ್ದ ಗ್ಯಾಲಕ್ಸಿಗಳಲ್ಲಿ ಅದು ಎಷ್ಟು ಸಾಮಾನ್ಯವಾಗಿತ್ತು, ಎಷ್ಟು ಪ್ರಬಲವಾಗಿತ್ತು ಎಂಬುದನ್ನು ಅಳೆಯುವುದು ನನ್ನ ಸಂಶೋಧನೆಯ ವಿಷಯವಾಗಿತ್ತು. ಆ ಅಳತೆ ಹೇಗೆ ನಡೆಯಿತು ಮತ್ತು ಅದರಲ್ಲಿ ಬಹುಪಾಲು ಶ್ರಮ ಎಲ್ಲಿ ಖರ್ಚಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪ್ರಶ್ನೆಗೆ ತುರ್ತು ಬಂದದ್ದು ಜೇಮ್ಸ್ ವೆಬ್ ದೂರದರ್ಶಕದಿಂದ. 2021ರ ಡಿಸೆಂಬರ್ 25ರಂದು ಉಡಾವಣೆಯಾದ ಈ ದೂರದರ್ಶಕ ಮರುವರ್ಷ ಕೆಲಸ ಆರಂಭಿಸಿದ ಕೂಡಲೇ, ವಿಶ್ವದ ಮೊದಲ 50 ಕೋಟಿ ವರ್ಷಗಳ ಅವಧಿಯಲ್ಲಿ ನಿರೀಕ್ಷೆಗಿಂತ ಹೆಚ್ಚು ಪ್ರಕಾಶಮಾನವಾದ ಗ್ಯಾಲಕ್ಸಿಗಳನ್ನು ತೋರಿಸಿತು. ಅವುಗಳ ಪ್ರಖರತೆಗೆ ಹಲವು ವಿವರಣೆಗಳು ಬಂದವು. ಅವುಗಳಲ್ಲಿ ಒಂದು ವಿವರಣೆಯ ಪ್ರಕಾರ ಆ ಗ್ಯಾಲಕ್ಸಿಗಳು ನಿಜವಾಗಿಯೂ ಅಷ್ಟು ದೊಡ್ಡವಲ್ಲ. ಅವುಗಳಲ್ಲಿ ನಕ್ಷತ್ರ ಜನನ ಒಮ್ಮೆ ಉಕ್ಕಿ ಒಮ್ಮೆ ತಗ್ಗುತ್ತಿರುತ್ತದೆ, ಮತ್ತು ಉಕ್ಕಿದ ಗಳಿಗೆಯಲ್ಲಿರುವವು ಮಾತ್ರ ನಮ್ಮ ಕಣ್ಣಿಗೆ ಬೀಳುತ್ತವೆ. ಇದು ಸರಿಯೇ ಎಂದು ನೋಡಲು ಏರಿಳಿತದ ಪ್ರಮಾಣವನ್ನು ಸಂಖ್ಯೆಯಾಗಿ ಹೇಳಬೇಕು. ಅಷ್ಟು ದೂರದಲ್ಲಿ ಅದು ಸುಲಭವಲ್ಲವಾದ್ದರಿಂದ, ಸ್ವಲ್ಪ ಈಚಿನ, ಅಳೆಯಲು ಬೇಕಾದ ರೋಹಿತರೇಖೆಗಳೆಲ್ಲ (ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಸಿಗುವ ರೋಹಿತದಲ್ಲಿ ನಿರ್ದಿಷ್ಟ ಬಣ್ಣಗಳಲ್ಲಿ ಕಾಣುವ ಗೆರೆಗಳು) ಕೈಗೆ ಸಿಗುವ ಕಾಲಘಟ್ಟವನ್ನು ನಾವು ಆರಿಸಿಕೊಂಡೆವು.

ಅಳತೆಯ ತತ್ತ್ವ ಸರಳ. ಯಾವ ಗ್ಯಾಲಕ್ಸಿಯನ್ನೂ ನಾವು ಕೋಟಿ ವರ್ಷ ಕಾದು ನೋಡಲಾರೆವು. ಪ್ರತಿಯೊಂದರದೂ ಒಂದೇ ಒಂದು ಕ್ಷಣ ನಮಗೆ ಸಿಗುತ್ತದೆ. ಆದರೆ ಆ ಒಂದು ಕ್ಷಣದ ಬೆಳಕಿನಲ್ಲಿ ಬೇರೆ ಬೇರೆ ಆಯುಷ್ಯದ ನಕ್ಷತ್ರಗಳ ಪಾಲು ಬೆರೆತಿರುತ್ತದೆ. ಸೂರ್ಯನಿಗಿಂತ ಇಪ್ಪತ್ತು ಪಟ್ಟು ಅಥವಾ ಇನ್ನೂ ಹೆಚ್ಚು ದ್ರವ್ಯರಾಶಿಯ ನಕ್ಷತ್ರಗಳು ಸುತ್ತಲಿನ ಜಲಜನಕವನ್ನು ಅಯಾನೀಕರಿಸುತ್ತವೆ, ಅಂದರೆ ಅದರ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತುಹಾಕುತ್ತವೆ. ಆ ಅನಿಲ ಮತ್ತೆ ಒಂದುಗೂಡುವಾಗ ಎಚ್-ಆಲ್ಫಾ ಎಂಬ ಕೆಂಪು ರೇಖೆ ಹೊಮ್ಮುತ್ತದೆ. ಆ ನಕ್ಷತ್ರಗಳು ಸುಮಾರು ಒಂದು ಕೋಟಿ ವರ್ಷದೊಳಗೆ ಮುಗಿದುಹೋಗುವುದರಿಂದ ಎಚ್-ಆಲ್ಫಾ ತೀರ ಈಚಿನ ಜನನವನ್ನು ಮಾತ್ರ ಹೇಳುತ್ತದೆ. ಅತಿನೇರಳೆ ಬೆಳಕನ್ನು ಇನ್ನಷ್ಟು ಸಣ್ಣ ನಕ್ಷತ್ರಗಳೂ ಸೂಸುತ್ತವೆ, ಅವು ಹೆಚ್ಚು ಕಾಲ ಬದುಕುತ್ತವೆ, ಹಾಗಾಗಿ ಅದು ಸುಮಾರು ಹತ್ತು ಕೋಟಿ ವರ್ಷಗಳ ಸರಾಸರಿಯನ್ನು ಹೇಳುತ್ತದೆ. ಹಳ್ಳದ ಹರಿವು ಈಗ ಸುರಿದ ಮಳೆಯನ್ನೂ ಕೆರೆಯ ಮಟ್ಟ ಇಡೀ ಮಳೆಗಾಲವನ್ನೂ ಹೇಳುವಂತೆ ಈ ಎರಡು ಸೂಚಕಗಳು ಒಂದೇ ಗ್ಯಾಲಕ್ಸಿಯ ಬಗ್ಗೆ ಎರಡು ಅವಧಿಗಳ ಲೆಕ್ಕ ಕೊಡುತ್ತವೆ. ಎರಡೂ ಸಮನಾಗಿದ್ದರೆ ಜನನ ಸಮಗತಿಯಲ್ಲಿ ಸಾಗಿದೆ. ಎಚ್-ಆಲ್ಫಾ ಮುಂದಿದ್ದರೆ ಉಬ್ಬರ. ಹಿಂದೆ ಬಿದ್ದಿದ್ದರೆ ಇಳಿತ.

ಒಂದು ಗ್ಯಾಲಕ್ಸಿಯಲ್ಲಿ ಈ ಎರಡು ಸೂಚಕಗಳ ಅನುಪಾತದಿಂದ ಹೆಚ್ಚೇನೂ ಸಿದ್ಧವಾಗುವುದಿಲ್ಲ. ನೂರಾರು ಗ್ಯಾಲಕ್ಸಿಗಳ ಅನುಪಾತಗಳನ್ನು ಒಟ್ಟಿಗೆ ಇಟ್ಟಾಗ ಅವು ಎಷ್ಟು ಹರಡಿಕೊಂಡಿವೆ ಎಂಬುದರಲ್ಲಿ ಏರಿಳಿತದ ಗುರುತು ಇರುತ್ತದೆ. ಈ ಯೋಚನೆ ಹೊಸತಲ್ಲ. 1978ರಲ್ಲಿ ರಿಚರ್ಡ್ ಲಾರ್ಸನ್ ಮತ್ತು ಬಿಯಾಟ್ರಿಸ್ ಟಿನ್ಸ್ಲಿ ಅವರು ವಿಚಿತ್ರಾಕಾರದ ಗ್ಯಾಲಕ್ಸಿಗಳ ಬಣ್ಣಗಳು ಸಾಮಾನ್ಯ ಗ್ಯಾಲಕ್ಸಿಗಳ ಬಣ್ಣಗಳಿಗಿಂತ ಹೆಚ್ಚು ಹರಡಿಕೊಂಡಿರುವುದನ್ನು ಗಮನಿಸಿ, ಅದಕ್ಕೆ ಇತ್ತೀಚಿನ ನಕ್ಷತ್ರ ಜನನದ ಉಬ್ಬರವೇ ಕಾರಣವೆಂದು ತೋರಿಸಿದ್ದರು. ಟಿನ್ಸ್ಲಿ ನಲವತ್ತನೆಯ ವಯಸ್ಸಿನಲ್ಲಿ, 1981ರಲ್ಲಿ, ತೀರಿಕೊಂಡರು. ಇಂದು ನಾವು ಗ್ಯಾಲಕ್ಸಿಯ ಬೆಳಕಿನಿಂದ ಅದರ ಇತಿಹಾಸವನ್ನು ಓದುವ ಪ್ರತಿಯೊಂದು ವಿಧಾನದ ಬುಡದಲ್ಲೂ ಅವರ ಕೆಲಸ ಇದೆ, ಮತ್ತು ನನ್ನ ಮಟ್ಟಿಗೆ ಆ 1978ರ ಲೇಖನದಷ್ಟು ಸ್ಪಷ್ಟವಾಗಿ ಹರಹನ್ನು ಸಾಕ್ಷ್ಯವಾಗಿ ಬಳಸಿದ ಬರಹ ಇನ್ನೊಂದಿಲ್ಲ.

ದತ್ತಾಂಶವನ್ನು ನಾವು ಹೊಸದಾಗಿ ಸಂಗ್ರಹಿಸಬೇಕಾಗಿರಲಿಲ್ಲ. ಜೇಮ್ಸ್ ವೆಬ್‌ನ ದೊಡ್ಡ ಸಮೀಕ್ಷೆಗಳಲ್ಲಿ ಒಂದಾದ ಜೇಡ್ಸ್ ತಂಡದವರು ತಮ್ಮ ಚಿತ್ರಗಳನ್ನೂ ರೋಹಿತಗಳನ್ನೂ ಎಲ್ಲರಿಗೂ ಮುಕ್ತವಾಗಿ ಬಿಡುಗಡೆ ಮಾಡಿದ್ದಾರೆ. ಬೆಂಗಳೂರಿನಲ್ಲಿ ಕುಳಿತ ಒಬ್ಬ ವಿದ್ಯಾರ್ಥಿಗೆ ಆ ದೂರದರ್ಶಕದ ಸಮಯವನ್ನು ಕೇಳಿ ಪಡೆಯದೆಯೂ ಅದರ ಅತ್ಯುತ್ತಮ ಫಲ ಕೈಗೆ ಸಿಗುತ್ತದೆಂಬುದು ದೊಡ್ಡ ಮಾತು. ಆ ಸಮೀಕ್ಷೆಯ ಎರಡು ಕ್ಷೇತ್ರಗಳಲ್ಲಿ ಒಂದು ದಕ್ಷಿಣದ ಫಾರ್ನಾಕ್ಸ್ ನಕ್ಷತ್ರಪುಂಜದಲ್ಲಿದೆ. ಹಬಲ್‌ನ ಪ್ರಸಿದ್ಧ ಅಲ್ಟ್ರಾ ಡೀಪ್ ಫೀಲ್ಡ್ ಇರುವುದೂ ಅದರೊಳಗೇ. ನಮ್ಮ ಊರುಗಳಿಂದ ಡಿಸೆಂಬರ್ ತಿಂಗಳ ರಾತ್ರಿ ದಕ್ಷಿಣಕ್ಕೆ ಮುಖ ಮಾಡಿದರೆ ಕಾಣುವ, ಬರಿಗಣ್ಣಿಗೆ ಬಹುತೇಕ ಖಾಲಿಯೆಂದೇ ತೋರುವ ಆಕಾಶದ ತುಣುಕು ಅದು.

ಯಾವ ಗ್ಯಾಲಕ್ಸಿಗಳನ್ನು ತೆಗೆದುಕೊಳ್ಳಬೇಕು ಎಂಬ ತೀರ್ಮಾನವನ್ನು ಉಪಕರಣವೇ ಬಹುಮಟ್ಟಿಗೆ ಮಾಡಿಕೊಟ್ಟಿತು. ವಿಶ್ವ ಹಿಗ್ಗುತ್ತಿರುವುದರಿಂದ ದೂರದ ಬೆಳಕಿನ ತರಂಗಾಂತರ ಹಿಗ್ಗಿ ಕೆಂಪಿನತ್ತ ಸರಿಯುತ್ತದೆ. ಈ ಸರಿತದ ಅಳತೆಯನ್ನು ರೆಡ್‌ಶಿಫ್ಟ್ ಎನ್ನುತ್ತೇವೆ. ರೆಡ್‌ಶಿಫ್ಟ್ 6 ಇರುವ ಗ್ಯಾಲಕ್ಸಿಯಿಂದ 656.3 ನ್ಯಾನೊಮೀಟರಿನಲ್ಲಿ ಹೊರಟ ಎಚ್-ಆಲ್ಫಾ ಏಳು ಪಟ್ಟು ಹಿಗ್ಗಿ ಸುಮಾರು 4.6 ಮೈಕ್ರಾನಿನಲ್ಲಿ, ಅಂದರೆ ಅವಕೆಂಪಿನಲ್ಲಿ, ನಮ್ಮನ್ನು ತಲುಪುತ್ತದೆ. ಗ್ಯಾಲಕ್ಸಿಯೊಳಗಿನ ಧೂಳು ಎಷ್ಟು ಬೆಳಕನ್ನು ನುಂಗಿದೆಯೆಂಬ ಲೆಕ್ಕ ಹಾಕಲು ಜಲಜನಕದ್ದೇ ಆದ 486.1 ನ್ಯಾನೊಮೀಟರಿನ ಎಚ್-ಬೀಟಾ ರೇಖೆಯೂ ಬೇಕು. ನಿಯರ್‌ಸ್ಪೆಕ್ ಎಂಬ, ರೋಹಿತ ಹಿಡಿಯುವ ಉಪಕರಣದ ಒಂದೇ ಜಾಲರಿಯಲ್ಲಿ (ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಗೀರುಗಳ ಫಲಕದಲ್ಲಿ), ಸುಮಾರು 2.9ರಿಂದ 5.1 ಮೈಕ್ರಾನ್‌ವರೆಗಿನ ವ್ಯಾಪ್ತಿಯಲ್ಲಿ, ಈ ಎರಡೂ ರೇಖೆಗಳು ಬೀಳಬೇಕಾದರೆ ರೆಡ್‌ಶಿಫ್ಟ್ 5ರಿಂದ 6.6ರ ನಡುವೆ ಇರಬೇಕು. ಎರಡು ಬೇರೆ ಜಾಲರಿಗಳಿಂದ ಎರಡು ರೇಖೆಗಳನ್ನು ತೆಗೆದುಕೊಂಡರೆ ಅವುಗಳ ಪ್ರಮಾಣೀಕರಣದ ಸಣ್ಣ ವ್ಯತ್ಯಾಸವೂ ಅನುಪಾತದೊಳಗೆ ನುಸುಳುತ್ತದೆ. ನಾವು ಹುಡುಕುತ್ತಿರುವುದೇ ಅನುಪಾತದ ಹರಹಾದ್ದರಿಂದ, ಗ್ಯಾಲಕ್ಸಿಗಳ ಸಂಖ್ಯೆ ಕಡಿಮೆಯಾದರೂ ಚಿಂತೆಯಿಲ್ಲವೆಂದು ಈ ಮಿತಿಯನ್ನು ಕಟ್ಟುನಿಟ್ಟಾಗಿ ಪಾಲಿಸಿದೆವು. ಆಗ ಉಳಿದ ಗ್ಯಾಲಕ್ಸಿಗಳೆಲ್ಲವೂ ವಿಶ್ವದ ವಯಸ್ಸು ಸುಮಾರು 80ರಿಂದ 120 ಕೋಟಿ ವರ್ಷವಿದ್ದಾಗಿನವು.

ರೋಹಿತವನ್ನು ಮೊದಲು ಕಣ್ಣಾರೆ ನೋಡಬೇಕು; ಇದನ್ನು ತಂತ್ರಾಂಶಕ್ಕೆ ಬಿಟ್ಟುಕೊಡುವುದನ್ನು ನಾನು ಒಪ್ಪುವುದಿಲ್ಲ. ನಿಯರ್‌ಸ್ಪೆಕ್‌ನಲ್ಲಿ ಸುಮಾರು ಎರಡೂವರೆ ಲಕ್ಷ ಪುಟ್ಟ ಕಿಂಡಿಗಳಿವೆ. ಆಯ್ದ ಗ್ಯಾಲಕ್ಸಿಯ ನೇರಕ್ಕೆ ಮೂರು ಕಿಂಡಿಗಳ ಒಂದು ಸಾಲನ್ನು ತೆರೆದು, ದೂರದರ್ಶಕವನ್ನು ತುಸು ತುಸು ಸರಿಸಿ ಗ್ಯಾಲಕ್ಸಿಯನ್ನು ಒಂದಾದ ಮೇಲೊಂದು ಕಿಂಡಿಯಲ್ಲಿ ಕೂರಿಸುತ್ತಾರೆ. ಒಂದು ಸ್ಥಾನದ ಚಿತ್ರದಿಂದ ಇನ್ನೊಂದರ ಚಿತ್ರವನ್ನು ಕಳೆದಾಗ ಆಕಾಶದ ಹಿನ್ನೆಲೆ ಬೆಳಕು ಅಳಿದುಹೋಗುತ್ತದೆ. ಅಂತಿಮ ಚಿತ್ರದಲ್ಲಿ ನಿಜವಾದ ರೇಖೆಯಿದ್ದರೆ ನಡುವೆ ಒಂದು ಬಿಳಿಯ ಚುಕ್ಕೆಯೂ ಅದರ ಮೇಲೆ ಕೆಳಗೆ ಸಮಾನ ದೂರದಲ್ಲಿ ಎರಡು ಕಪ್ಪು ಚುಕ್ಕೆಗಳೂ ಇರಲೇಬೇಕು. ಬಿಳಿಯ ಚುಕ್ಕೆಯೊಂದೇ ಇದ್ದು ಕಪ್ಪು ಜೊತೆಗಾರರಿಲ್ಲದಿದ್ದರೆ ಅದು ವಿಶ್ವಕಿರಣದ ಕಲೆ ಅಥವಾ ಕೆಟ್ಟ ಪಿಕ್ಸೆಲ್. ಉಪಕರಣದ ಎರಡು ಸಂವೇದಕಗಳ ನಡುವೆ ಒಂದು ಖಾಲಿ ಜಾಗವಿದೆ; ಗ್ಯಾಲಕ್ಸಿ ಯಾವ ಕಿಂಡಿಯಲ್ಲಿತ್ತೆಂಬುದನ್ನು ಅವಲಂಬಿಸಿ ಕೆಲವರದು ಎಚ್-ಬೀಟಾ, ಕೆಲವರದು ಎಚ್-ಆಲ್ಫಾ ಆ ಖಾಲಿ ಜಾಗದಲ್ಲಿ ಬಿದ್ದು ಕಳೆದುಹೋಗುತ್ತದೆ. ಅವುಗಳನ್ನು ಕೈಬಿಡುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ಈ ಬೆಳಕು ಎಷ್ಟು ಕ್ಷೀಣವೆಂಬುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ರೆಡ್‌ಶಿಫ್ಟ್ 6ರಲ್ಲಿರುವ ಗ್ಯಾಲಕ್ಸಿಯೊಂದರ ಎಚ್-ಆಲ್ಫಾ ನಮ್ಮಲ್ಲಿಗೆ ಪ್ರತಿ ಚದರ ಸೆಂಟಿಮೀಟರಿಗೆ ಸೆಕೆಂಡಿಗೆ 2×10⁻¹⁸ ಎರ್ಗ್‌ನಷ್ಟು ತಲುಪುತ್ತಿದೆ ಎಂದಿಟ್ಟುಕೊಳ್ಳಿ. ಎರ್ಗ್ ಎಂಬುದು ಶಕ್ತಿಯ ತೀರ ಚಿಕ್ಕ ಅಳತೆ. ಜೇಮ್ಸ್ ವೆಬ್‌ನ ಆರೂವರೆ ಮೀಟರ್ ಕನ್ನಡಿಯ ಬೆಳಕು ಹಿಡಿಯುವ ವಿಸ್ತೀರ್ಣ ಸುಮಾರು 25 ಚದರ ಮೀಟರ್. ಆ ಇಡೀ ಕನ್ನಡಿಯ ಮೇಲೆ ಈ ರೇಖೆಯಿಂದ ಬೀಳುವುದು ಸೆಕೆಂಡಿಗೆ ಸುಮಾರು ಒಂದು ಫೋಟಾನ್. ಗಂಟೆಗಟ್ಟಲೆ ತೆರೆದಿಟ್ಟು ಕೂಡಿಸಿದ ಆ ಒಂದೊಂದು ಫೋಟಾನಿನಿಂದಲೇ ಗ್ಯಾಲಕ್ಸಿಯ ಶಕ್ತಿಯನ್ನು ಲೆಕ್ಕ ಹಾಕುತ್ತೇವೆ. ಹತ್ತಿರದ ಗ್ಯಾಲಕ್ಸಿಗಳಿಗೆಂದು ಕೆನಿಕಟ್ ಮತ್ತು ಇವಾನ್ಸ್ 2012ರಲ್ಲಿ ಪರಿಷ್ಕರಿಸಿ ಕೊಟ್ಟ, ಎಚ್-ಆಲ್ಫಾದಿಂದ ಜನನದ ದರ ಹೇಳುವ ಸೂತ್ರವನ್ನು ಹಾಕಿದರೆ ಈ ಉದಾಹರಣೆಯ ಗ್ಯಾಲಕ್ಸಿಯಲ್ಲಿ ವರ್ಷಕ್ಕೆ ಸುಮಾರು ನಾಲ್ಕೂವರೆ ಸೂರ್ಯರಷ್ಟು ನಕ್ಷತ್ರಗಳು ಹುಟ್ಟುತ್ತಿವೆ ಎಂದಾಗುತ್ತದೆ. ಆದರೆ ಆ ಕಾಲದ ನಕ್ಷತ್ರಗಳಲ್ಲಿ ಭಾರಧಾತುಗಳು ಕಡಿಮೆ, ಆದ್ದರಿಂದ ಅವು ಹೆಚ್ಚು ಬಿಸಿ, ಅಯಾನೀಕರಿಸುವ ಶಕ್ತಿಯೂ ಹೆಚ್ಚು. ಜೋಡಿ ನಕ್ಷತ್ರಗಳ ವಿಕಾಸವನ್ನೂ ಸೇರಿಸಿದ ಮಾದರಿಗಳನ್ನು ಬಳಸಿದರೆ ಅದೇ ರೇಖೆಗೆ ಸಿಗುವ ದರ ಸುಮಾರು ಅರ್ಧಕ್ಕೆ ಇಳಿಯಬಹುದು. ಈ ಕಾರಣದಿಂದಲೇ ನಾವು ಅನುಪಾತದ ಸರಾಸರಿ ಒಂದಕ್ಕಿಂತ ಹೆಚ್ಚಿದೆಯೇ ಕಡಿಮೆಯೇ ಎಂಬುದರ ಮೇಲೆ ವಾದ ಕಟ್ಟಲಿಲ್ಲ. ಸೂತ್ರ ಬದಲಾದರೆ ಸರಾಸರಿ ಬದಲಾಗುತ್ತದೆ. ಎಲ್ಲಕ್ಕೂ ಒಂದೇ ಸೂತ್ರ ಹಾಕಿದಾಗ ಹರಹು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ.

ಮೊದಲ ನಕ್ಷೆ ಬಂದಾಗ ಹರಹು ದೊಡ್ಡದಾಗಿತ್ತು. ಅದನ್ನು ನೋಡಿ ನನ್ನ ಮಾರ್ಗದರ್ಶಕರು ಕೇಳಿದ್ದು ಒಂದೇ ಪ್ರಶ್ನೆ. "ಇದರಲ್ಲಿ ನಕ್ಷತ್ರಗಳ ಪಾಲೆಷ್ಟು, ನಿಮ್ಮ ಅಳತೆಯ ಪಾಲೆಷ್ಟು?" "ಮೇಡಂ, ದೋಷಮಿತಿಗಳನ್ನು ವರ್ಗ ಮಾಡಿ ಕಳೆದಿದ್ದೇನೆ" ಎಂದೆ. ದೋಷಮಿತಿಯೆಂದರೆ ಅಳತೆ ಎಷ್ಟು ತಪ್ಪಿರಬಹುದೆಂಬ ಅಂದಾಜು. "ಆ ದೋಷಮಿತಿಗಳು ಸರಿಯೆಂದು ಯಾರು ಹೇಳಿದರು? ಅದನ್ನೂ ಆಕಾಶದಿಂದಲೇ ಹೇಳಿಸಿ" ಎಂದರು. ಮುಂದಿನ ಕೆಲಸವೆಲ್ಲ ಈ ಮಾತಿನಿಂದಲೇ ಹುಟ್ಟಿದ್ದು.

ಆಕಾಶದಿಂದ ಹೇಳಿಸುವ ದಾರಿ ಆಮ್ಲಜನಕದಲ್ಲಿತ್ತು. ಎರಡು ಬಾರಿ ಅಯಾನೀಕೃತವಾದ ಆಮ್ಲಜನಕ 495.9 ಮತ್ತು 500.7 ನ್ಯಾನೊಮೀಟರುಗಳಲ್ಲಿ ಎರಡು ರೇಖೆಗಳನ್ನು ಸೂಸುತ್ತದೆ. ಎರಡೂ ಒಂದೇ ಮೇಲ್ಮಟ್ಟದಿಂದ ಇಳಿಯುವ ಎಲೆಕ್ಟ್ರಾನಿನವು, ಆದ್ದರಿಂದ ಅವುಗಳ ತೀವ್ರತೆಯ ಅನುಪಾತ ಯಾವ ಗ್ಯಾಲಕ್ಸಿಯಲ್ಲಾದರೂ 1ಕ್ಕೆ ಸುಮಾರು 2.98 ಇರಲೇಬೇಕು, ಉಷ್ಣತೆ, ಸಾಂದ್ರತೆ, ಧೂಳು ಯಾವುದೂ ಅದನ್ನು ಗಣನೀಯವಾಗಿ ಬದಲಿಸದು. ಆ ಅನುಪಾತವನ್ನು ನಮ್ಮ ಎಲ್ಲ ಗ್ಯಾಲಕ್ಸಿಗಳಲ್ಲಿ ಅಳೆದರೆ ಕಾಣುವ ಹರಹು ಪೂರ್ತಿಯಾಗಿ ಅಳತೆಯದೇ, ನಿಸರ್ಗದ್ದು ಒಂದಿಷ್ಟೂ ಅಲ್ಲ. ಎಚ್-ಬೀಟಾ ಕೂಡ ಅದೇ ನೆರೆಯಲ್ಲಿ, ಅದೇ ಸಂವೇದಕದಲ್ಲಿ ಬೀಳುವುದರಿಂದ ಇದಕ್ಕಿಂತ ಒಳ್ಳೆಯ ಒರೆಗಲ್ಲು ಸಿಗುವುದು ಕಷ್ಟ. ಹೀಗೆ ಅಳೆದಾಗ ದತ್ತಾಂಶದ ಜೊತೆ ಬಂದ ದೋಷಮಿತಿಗಳು ಇರಬೇಕಾದದ್ದಕ್ಕಿಂತ ಸಣ್ಣವೆಂದು ತಿಳಿಯಿತು. ಪಿಕ್ಸೆಲ್‌ಗಳನ್ನು ಸರಿಹೊಂದಿಸಿ ಕೂಡಿಸುವಾಗ ನೆರೆಯ ಪಿಕ್ಸೆಲ್‌ಗಳ ಗದ್ದಲ, ಅಂದರೆ ಅಳತೆಯಲ್ಲಿ ತಾನಾಗಿ ಬರುವ ಏರುಪೇರು, ಒಂದರೊಳಗೊಂದು ಬೆರೆತುಬಿಡುತ್ತದೆ, ಒಂದೊಂದು ಪಿಕ್ಸೆಲನ್ನು ಪ್ರತ್ಯೇಕವೆಂದು ಎಣಿಸಿದ ಲೆಕ್ಕ ಅದನ್ನು ಹಿಡಿಯುವುದಿಲ್ಲ. ಆಮ್ಲಜನಕದ ರೇಖೆಗಳು ಹೇಳಿದಷ್ಟು ಪ್ರಮಾಣಕ್ಕೆ ಎಲ್ಲ ದೋಷಮಿತಿಗಳನ್ನು ಹಿಗ್ಗಿಸಿದೆವು. ಉಬ್ಬರದ್ದೆಂದು ತೋರುತ್ತಿದ್ದ ಹರಹು ಅಲ್ಲಿಗೇ ಒಂದಿಷ್ಟು ಕುಗ್ಗಿತು.

ಕಿಂಡಿಯ ಅಳತೆಯೂ ಲೆಕ್ಕಕ್ಕೆ ಬರಬೇಕು. ಒಂದು ಕಿಂಡಿ ಆಕಾಶದಲ್ಲಿ 0.20ಕ್ಕೆ 0.46 ಆರ್ಕ್‌ಸೆಕೆಂಡಿನಷ್ಟು ಮಾತ್ರ. ಒಂದು ಆರ್ಕ್‌ಸೆಕೆಂಡ್ ಎಂದರೆ ಒಂದು ಡಿಗ್ರಿಯ 3600ನೇ ಒಂದು ಪಾಲು. ಗ್ಯಾಲಕ್ಸಿ ಚಿಕ್ಕದಾದರೂ ಅದರ ಬೆಳಕಿನ ಒಂದು ಭಾಗ ಹೊರಗುಳಿಯುತ್ತದೆ. ಅತಿನೇರಳೆಯನ್ನು ನಾವು ಅದೇ ದೂರದರ್ಶಕದ ಕ್ಯಾಮೆರಾ ಆದ ನಿಯರ್‌ಕ್ಯಾಮ್ ಚಿತ್ರಗಳಿಂದ, ಇಡೀ ಗ್ಯಾಲಕ್ಸಿಯದಾಗಿ ತೆಗೆದುಕೊಂಡಿದ್ದರಿಂದ ಎಚ್-ಆಲ್ಫಾವನ್ನೂ ಇಡೀ ಗ್ಯಾಲಕ್ಸಿಗೆ ಹಿಗ್ಗಿಸಬೇಕಿತ್ತು. ಚಿತ್ರ ತೆಗೆದ ಸೋಸುಕದ (ಒಂದು ಬಣ್ಣದ ಪಟ್ಟಿಯನ್ನಷ್ಟೇ ಬಿಡುವ ಗಾಜಿನ) ಮೂಲಕ ಬರಬೇಕಾದ ಪ್ರಕಾಶವನ್ನು ರೋಹಿತದಿಂದ ಕೃತಕವಾಗಿ ಲೆಕ್ಕ ಹಾಕಿ, ಚಿತ್ರದ ಪ್ರಕಾಶದೊಂದಿಗೆ ಹೋಲಿಸಿ ಗುಣಕವನ್ನು ಕಂಡುಕೊಂಡೆವು. ಎಚ್-ಆಲ್ಫಾ ಬರುವ ಅನಿಲ ನಕ್ಷತ್ರಗಳಿಗಿಂತ ಹೆಚ್ಚು ಹರಡಿಕೊಂಡಿದ್ದರೆ ಈ ಗುಣಕ ಸಾಲದು ಎಂಬ ಶಂಕೆ ಉಳಿಯುತ್ತದೆ. ಆ ಶಂಕೆಗೆ ತಕ್ಕಷ್ಟು ಹೆಚ್ಚುವರಿ ದೋಷಮಿತಿಯನ್ನು ಸೇರಿಸಿದೆವು.

ಧೂಳಿನ ವಿಷಯ ಇದಕ್ಕಿಂತ ಗಹನವಾದದ್ದು. ಧೂಳಿಲ್ಲದಿದ್ದರೆ ಎಚ್-ಆಲ್ಫಾ ಎಚ್-ಬೀಟಾದ 2.86 ಪಟ್ಟು ಇರಬೇಕೆಂಬುದು ಪರಮಾಣು ಭೌತಶಾಸ್ತ್ರದ ಲೆಕ್ಕ, ಹತ್ತು ಸಾವಿರ ಡಿಗ್ರಿ ಉಷ್ಣತೆಯ ಅನಿಲಕ್ಕೆ. ಧೂಳು ನೀಲಿಯನ್ನು ಹೆಚ್ಚು ನುಂಗುವುದರಿಂದ ಅನುಪಾತ ಏರುತ್ತದೆ. ಅದು 3.6 ಎಂದು ಬಂದರೆ ಎಚ್-ಆಲ್ಫಾವನ್ನು ಸುಮಾರು 1.7ರಿಂದ 1.8 ಪಟ್ಟು ಹೆಚ್ಚಿಸಬೇಕು. ಈ ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸ ಕ್ಷೀರಪಥದ ಧೂಳಿನ ನಿಯಮ ಹಿಡಿಯುತ್ತೀರೋ, ಉಬ್ಬರದ ಗ್ಯಾಲಕ್ಸಿಗಳಿಗೆಂದು ಕಾಲ್ಜೆಟಿ ಅವರು ಕೊಟ್ಟ ನಿಯಮ ಹಿಡಿಯುತ್ತೀರೋ ಎಂಬುದರಿಂದ ಬರುತ್ತದೆ. ಇಲ್ಲಿ ತೊಡಕೇನೆಂದರೆ ಎಚ್-ಬೀಟಾ ದುರ್ಬಲ ರೇಖೆ. ಗದ್ದಲದ ಕಾರಣದಿಂದ ಅದು ತುಸು ಹೆಚ್ಚಾಗಿ ಕಂಡರೆ ಅನುಪಾತ 2.86ಕ್ಕಿಂತ ಕೆಳಗಿಳಿದು ಋಣ ಧೂಳೆಂಬ ಅಸಂಭವ ಉತ್ತರ ಬರುತ್ತದೆ. ಅಂಥವುಗಳಿಗೆಲ್ಲ ಧೂಳು ಸೊನ್ನೆಯೆಂದು ಬರೆದುಬಿಡುವ ರೂಢಿ ಹಲವು ಲೇಖನಗಳಲ್ಲಿದೆ. ಹಾಗೆ ಮಾಡಿದರೆ ಹರಹಿನ ಒಂದು ಬದಿಯನ್ನಷ್ಟೇ ಕತ್ತರಿಸಿದಂತಾಗುತ್ತದೆ, ಇನ್ನೊಂದು ಬದಿಯಲ್ಲಿ ಗದ್ದಲದಿಂದ ಉಬ್ಬಿದ ಧೂಳು ಹಾಗೆಯೇ ಉಳಿದು ಹುಸಿ ಉಬ್ಬರವಾಗಿ ಕಾಣುತ್ತದೆ. ಆದ್ದರಿಂದ ನಾವು ಪ್ರತಿ ಗ್ಯಾಲಕ್ಸಿಗೂ ಬೇರೆ ಬೇರೆಯಾಗಿ ಧೂಳನ್ನು ತೀರ್ಮಾನಿಸದೆ, ಇಡೀ ಗುಂಪಿನ ಧೂಳಿನ ವಿತರಣೆಯನ್ನೂ ಒಂದೊಂದರ ಧೂಳನ್ನೂ ಒಂದೇ ಸಲಕ್ಕೆ ಅಂದಾಜಿಸುವ ಮಾದರಿಯನ್ನು ಕಟ್ಟಿದೆವು. ಇದಕ್ಕೆ ಹಿಡಿದ ಕಾಲ ಉಳಿದ ಯಾವ ಹಂತಕ್ಕೂ ಹಿಡಿಯಲಿಲ್ಲ, ಮತ್ತು ಅದಕ್ಕೆ ತಕ್ಕ ಪ್ರಯೋಜನವಾಯಿತೆಂದು ಈಗಲೂ ನಂಬಿದ್ದೇನೆ.

ಅತಿನೇರಳೆಯ ಧೂಳನ್ನು ರೋಹಿತದ ಇಳಿಜಾರಿನಿಂದ ಅಂದಾಜಿಸುತ್ತಾರೆ: ಬಣ್ಣ ಎಷ್ಟು ಕೆಂಪೋ ಧೂಳು ಅಷ್ಟು ಹೆಚ್ಚು. ಆದರೆ ಉಬ್ಬರ ಮುಗಿದ ಗ್ಯಾಲಕ್ಸಿಯಲ್ಲಿ ಬಿಸಿ ನಕ್ಷತ್ರಗಳು ತೀರಿಹೋಗಿ ಬಣ್ಣ ತಾನಾಗಿಯೇ ಕೆಂಪಾಗುತ್ತದೆ. ಅದನ್ನು ಧೂಳೆಂದು ತಿಳಿದು ಅತಿನೇರಳೆಯನ್ನು ಹೆಚ್ಚಿಸಿದರೆ ಇಳಿತ ನಿಜಕ್ಕಿಂತ ಆಳವಾಗಿ ತೋರುತ್ತದೆ. ಅಂದರೆ ನಾವು ಅಳೆಯಬೇಕಾದ ಏರಿಳಿತವೇ ಧೂಳಿನ ವೇಷದಲ್ಲಿ ಲೆಕ್ಕದೊಳಗೆ ಬರುತ್ತದೆ. ಇದಕ್ಕೆ ಪೂರ್ಣ ಪರಿಹಾರವಿಲ್ಲ. ಅನಿಲದ ಧೂಳನ್ನು ಆಧಾರವಾಗಿಟ್ಟುಕೊಂಡು ನಕ್ಷತ್ರಗಳ ಧೂಳಿಗೆ ಅದರ ಒಂದು ಪಾಲನ್ನು, ಹತ್ತಿರದ ಉಬ್ಬರದ ಗ್ಯಾಲಕ್ಸಿಗಳಲ್ಲಿ ಕಂಡ 0.44ರಿಂದ ಹಿಡಿದು ಒಂದರವರೆಗೆ ಬದಲಿಸುತ್ತ, ಉತ್ತರ ಎಷ್ಟು ಅಲುಗಾಡುತ್ತದೆಂದು ನೋಡಿದೆವು.

ಇದರ ಜೊತೆಗೆ ಇಡೀ ಬೆಳಕಿನ ವಿತರಣೆಗೆ ಮಾದರಿ ಹೊಂದಿಸಿ ಗ್ಯಾಲಕ್ಸಿಯ ಇತಿಹಾಸವನ್ನು ತೆಗೆಯುವ ವಿಧಾನವನ್ನೂ ಪ್ರಯತ್ನಿಸಿದೆವು. ಪ್ರಾಸ್ಪೆಕ್ಟರ್ ಎಂಬ ತಂತ್ರಾಂಶದಲ್ಲಿ ಕಾಲವನ್ನು ಹಲವು ಖಂಡಗಳಾಗಿ ಮಾಡಿ ಪ್ರತಿ ಖಂಡದ ಜನನ ದರವನ್ನು ಬಿಡಿಯಾಗಿ ಕಂಡುಹಿಡಿಯಬಹುದು, ಆದರೆ ಖಂಡದಿಂದ ಖಂಡಕ್ಕೆ ದರ ಎಷ್ಟು ಜಿಗಿಯಬಹುದು ಎಂಬ ಪೂರ್ವಕಲ್ಪನೆಯನ್ನು ಮೊದಲೇ ಕೊಡಬೇಕು. ಹೆಚ್ಚು ಜಿಗಿಯದೆಂಬ ಕಲ್ಪನೆ ಕೊಟ್ಟರೆ ಇತಿಹಾಸ ನಯವಾಗಿ ಬರುತ್ತದೆ. ಬಹಳ ಜಿಗಿಯಬಹುದೆಂಬ ಕಲ್ಪನೆ ಕೊಟ್ಟರೆ ಅದೇ ಗ್ಯಾಲಕ್ಸಿಯಲ್ಲಿ ಉಬ್ಬರಗಳು ಕಾಣಿಸುತ್ತವೆ. ಒಂದೇ ಗ್ಯಾಲಕ್ಸಿಯ ಎರಡು ಇತಿಹಾಸಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಎರಡೂ ದತ್ತಾಂಶಕ್ಕೆ ಸಮನಾಗಿ ಹೊಂದುತ್ತಿದ್ದವು. ಹೊಸ ನಕ್ಷತ್ರಗಳ ಪ್ರಖರತೆಯಲ್ಲಿ ಹಳೆಯ ನಕ್ಷತ್ರಗಳು ಅಡಗಿಹೋಗುವುದೇ ಇದಕ್ಕೆ ಕಾರಣ. ಹತ್ತು ಕೋಟಿ ವರ್ಷಕ್ಕಿಂತ ಹಿಂದಿನದರ ಬಗ್ಗೆ ಬೆಳಕು ಹೇಳುವುದು ಅಲ್ಪ, ಆ ಖಾಲಿ ಜಾಗವನ್ನು ಕಲ್ಪನೆಯೇ ತುಂಬುತ್ತದೆ. ಹೀಗೆ ತೆಗೆದ ಇತಿಹಾಸಗಳ ಏರಿಳಿತವನ್ನು ಅಳತೆಯ ಫಲಿತಾಂಶವೆಂದು ಪ್ರಕಟಿಸುವುದು ಸರಿಯಲ್ಲವೆಂಬ ತೀರ್ಮಾನಕ್ಕೆ ಬಂದೆವು. ನಕ್ಷತ್ರಗಳ ಒಟ್ಟು ದ್ರವ್ಯರಾಶಿಯನ್ನು ಮಾತ್ರ ಅಲ್ಲಿಂದ, ದೊಡ್ಡ ದೋಷಮಿತಿಯೊಂದಿಗೆ, ತೆಗೆದುಕೊಂಡೆವು.

ಅಯಾನೀಕರಿಸುವ ಬೆಳಕೆಲ್ಲವೂ ಅನಿಲದಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬ ನಂಬಿಕೆಯೂ ಪರೀಕ್ಷೆಗೆ ಒಳಗಾಗಬೇಕಿತ್ತು. ಅದರಲ್ಲಿ ಒಂದು ಪಾಲು ಗ್ಯಾಲಕ್ಸಿಯಿಂದ ಹೊರಗೆ ಸೋರಿಹೋದರೆ ಎಚ್-ಆಲ್ಫಾ ಅಷ್ಟು ಕುಂದುತ್ತದೆ, ಏನೂ ಇಳಿಯದಿದ್ದರೂ ಇಳಿತವೆಂದು ಕಾಣುತ್ತದೆ. ಸೋರಿಕೆ ಬರಿಯ ಊಹೆಯಲ್ಲವೆಂಬುದಕ್ಕೆ ನಮ್ಮ ದೇಶದ ಉಪಗ್ರಹವೇ ಸಾಕ್ಷಿ. 2015ರ ಸೆಪ್ಟೆಂಬರ್ 28ರಂದು ಕಕ್ಷೆಗೇರಿದ ಆಸ್ಟ್ರೋಸ್ಯಾಟ್‌ನ ಅತಿನೇರಳೆ ದೂರದರ್ಶಕವನ್ನು ರೂಪಿಸುವಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಮುಂದಾಳಾಗಿತ್ತು. ಕನಕ್ ಸಾಹಾ ಅವರ ತಂಡ 2020ರಲ್ಲಿ ಅದರ ಮೂಲಕ ರೆಡ್‌ಶಿಫ್ಟ್ 1.42ರಲ್ಲಿರುವ ಎಯುಡಿಎಫ್‌ಎಸ್01 ಎಂಬ ಗ್ಯಾಲಕ್ಸಿಯಿಂದ ಅಯಾನೀಕರಿಸುವ ಬೆಳಕು ನೇರವಾಗಿ ಹೊರಬರುತ್ತಿರುವುದನ್ನು ಪ್ರಕಟಿಸಿತು. 38 ಸೆಂಟಿಮೀಟರಿನ ದೂರದರ್ಶಕ ಮಾಡಿದ ಕೆಲಸವಿದು, ಮತ್ತು ಇದನ್ನು ಬರೆಯುವಾಗ ನನಗೆ ಹೆಮ್ಮೆಯಿದೆ. ಆದರೆ ನಮ್ಮ ರೆಡ್‌ಶಿಫ್ಟಿನಲ್ಲಿ ಹಾಗೆ ನೇರವಾಗಿ ನೋಡಲು ಬರುವುದಿಲ್ಲ. ನಡುವಿನ ಜಲಜನಕ ಆ ಬೆಳಕನ್ನು ನುಂಗಿಬಿಟ್ಟಿರುತ್ತದೆ. ಸೋರಿಕೆಯ ಪಾಲನ್ನು ಬೇರೆ ಬೇರೆ ಪ್ರಮಾಣದಲ್ಲಿ ಊಹಿಸಿ ಪರಿಣಾಮ ನೋಡುವುದಷ್ಟೇ ಸಾಧ್ಯವಾಯಿತು. ಒಂದಿಷ್ಟು ಸೋರಿಕೆ ಎಲ್ಲ ಗ್ಯಾಲಕ್ಸಿಗಳಲ್ಲೂ ಇದ್ದರೆ ಹರಹಿಗೆ ಧಕ್ಕೆಯಿಲ್ಲ. ಕೆಲವರಲ್ಲಿ ವಿಪರೀತ, ಉಳಿದವರಲ್ಲಿ ಇಲ್ಲವೆಂದಾದರೆ ಮಾತ್ರ ಅದು ಉಬ್ಬರದ ಲೆಕ್ಕವನ್ನು ಕೆಡಿಸುತ್ತದೆ.

ಇಷ್ಟೆಲ್ಲ ಮುಗಿದ ಮೇಲೆ ಕೃತಕ ಗ್ಯಾಲಕ್ಸಿಗಳ ಸರದಿ. ಏರಿಳಿತವೇ ಇಲ್ಲದ, ಸಮಗತಿಯ ಇತಿಹಾಸದ ಗ್ಯಾಲಕ್ಸಿಗಳನ್ನು ಕಂಪ್ಯೂಟರಿನಲ್ಲಿ ರಚಿಸಿ, ಅವುಗಳಿಗೆ ಧೂಳು ಹಾಕಿ, ಕಿಂಡಿಯಲ್ಲಿ ಕೂರಿಸಿ, ನಿಜವಾದ ರೋಹಿತದ ಖಾಲಿ ಭಾಗಗಳಿಂದ ತೆಗೆದ ಗದ್ದಲವನ್ನು ಬೆರೆಸಿ, ನಿಜವಾದವುಗಳ ಮೇಲೆ ನಡೆದ ಪ್ರತಿ ಹಂತವನ್ನೂ ಅವುಗಳ ಮೇಲೆ ನಡೆಸಿದೆವು. ಉಬ್ಬರವಿಲ್ಲದ ಲೋಕದಲ್ಲೂ ಎಷ್ಟು ಹರಹು ಬರುತ್ತದೆಂಬುದು ಅದರಿಂದ ತಿಳಿಯಿತು. ನಿಜವಾದ ಹರಹು ಅದಕ್ಕಿಂತ ದೊಡ್ಡದಾಗಿತ್ತು. ಸಣ್ಣ ಗ್ಯಾಲಕ್ಸಿಗಳಲ್ಲಿ ಆ ವ್ಯತ್ಯಾಸ ಹೆಚ್ಚು, ದೊಡ್ಡವುಗಳಲ್ಲಿ ಕಡಿಮೆ. ಸಣ್ಣ ಗ್ಯಾಲಕ್ಸಿಯ ಗುರುತ್ವ ದುರ್ಬಲವಾದ್ದರಿಂದ ಒಂದು ಉಬ್ಬರದ ಸೂಪರ್‌ನೋವಾಗಳು ಅನಿಲವನ್ನು ಹೊರಗೆ ತಳ್ಳಿಬಿಡುತ್ತವೆ, ಅದು ತಣಿದು ಮತ್ತೆ ಬಂದು ಸೇರುವವರೆಗೆ ಜನನ ನಿಲ್ಲುತ್ತದೆ ಎಂದು ಕಂಪ್ಯೂಟರ್ ಅನುಕರಣೆಗಳು ಮೊದಲಿಂದ ಹೇಳುತ್ತಿದ್ದುದಕ್ಕೆ ಇದು ಹೊಂದುತ್ತದೆ.

ಆದರೂ ಒಂದು ಅಡ್ಡಿಯನ್ನು ಕಳೆಯಲು ಆಗಲಿಲ್ಲ, ಮತ್ತು ಇದೇ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ರೇಖೆ ಕಾಣದ ಗ್ಯಾಲಕ್ಸಿ ನಮ್ಮ ಪಟ್ಟಿಗೆ ಬರುವುದೇ ಇಲ್ಲ. ಉಬ್ಬರದಲ್ಲಿರುವ ಸಣ್ಣ ಗ್ಯಾಲಕ್ಸಿ ಪ್ರಖರವಾಗಿ ಪಟ್ಟಿಯೊಳಗೆ ಬರುತ್ತದೆ, ಅದೇ ಗ್ಯಾಲಕ್ಸಿ ಎರಡು ಕೋಟಿ ವರ್ಷದ ನಂತರ ಮಂಕಾಗಿ ಪಟ್ಟಿಯಿಂದ ಹೊರಗುಳಿಯುತ್ತದೆ. ಅಂಥ ವಿಶ್ರಾಂತ ಗ್ಯಾಲಕ್ಸಿಗಳು ಇವೆಯೆಂಬುದು ಖಚಿತ: ಜೇಡ್ಸ್ ತಂಡದವರೇ ರೆಡ್‌ಶಿಫ್ಟ್ 7.3ರಲ್ಲಿ ನಕ್ಷತ್ರ ಜನನ ಒಂದೆರಡು ಕೋಟಿ ವರ್ಷಗಳ ಹಿಂದಷ್ಟೇ ನಿಂತಂತಿರುವ ಒಂದು ಸಣ್ಣ ಗ್ಯಾಲಕ್ಸಿಯನ್ನು ಕಂಡುಹಿಡಿದರು. ಅದರ ರೋಹಿತದಲ್ಲಿ ಹೊಮ್ಮುವ ರೇಖೆಗಳೇ ಇಲ್ಲ, ಬಾಲ್ಮರ್ ಮೆಟ್ಟಿಲು ಮಾತ್ರ ಇದೆ, ಅಂದರೆ ಅತಿ ಬಿಸಿ ನಕ್ಷತ್ರಗಳು ತೀರಿದ ಮೇಲೆ ಅತಿನೇರಳೆಯ ಬದಿಗೆ ಬೆಳಕು ಒಮ್ಮೆಲೇ ಕುಸಿಯುವ ಜಾಗ. ಆ ವಿವರ 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಆದ್ದರಿಂದ ನಾವು ಕೊಟ್ಟ ಹರಹು ಕನಿಷ್ಠ ಮಿತಿಯೇ ಹೊರತು ಪೂರ್ಣ ಮೌಲ್ಯವಲ್ಲ. ಲೇಖನದಲ್ಲಿ ಹಾಗೆಂದೇ ಬರೆದೆವು. ಕೋಷ್ಟಕದಲ್ಲಿ ಒಂದೇ ಅಂತಿಮ ಸಂಖ್ಯೆಯನ್ನು ಕೊಡದೆ, ಕಚ್ಚಾ ಹರಹು, ದೋಷಮಿತಿ ಹಿಗ್ಗಿಸಿದ ನಂತರದ್ದು, ಧೂಳಿನ ನಂತರದ್ದು, ಕೃತಕ ಗ್ಯಾಲಕ್ಸಿಗಳ ಪಾಲು ಕಳೆದ ನಂತರದ್ದು ಎಂದು ಪ್ರತಿ ಹಂತದ ಬೆಲೆಯನ್ನೂ ಸಾಲಾಗಿ ಕೊಟ್ಟೆವು. ಮುಂದೆ ಯಾರಾದರೂ ಧೂಳಿನ ಬಗ್ಗೆ ನಮಗಿಂತ ಚೆನ್ನಾಗಿ ತಿಳಿದುಕೊಂಡರೆ ಇಡೀ ಕೆಲಸವನ್ನು ಮತ್ತೆ ಮಾಡದೆ ಆ ಒಂದು ಸಾಲನ್ನು ಮಾತ್ರ ತಿದ್ದಿಕೊಳ್ಳಬಹುದು.

ಈಗ ಕೈಯಲ್ಲಿರುವುದು ಎಚ್-ಡೆಲ್ಟಾ ರೇಖೆಯ ಕೆಲಸ. 410.2 ನ್ಯಾನೊಮೀಟರಿನ ಈ ಜಲಜನಕದ ರೇಖೆ, ಬಿಸಿ ನಕ್ಷತ್ರಗಳು ತೀರಿಹೋಗಿ ಮಧ್ಯಮ ಉಷ್ಣತೆಯ ನಕ್ಷತ್ರಗಳು ಉಳಿದ ಗ್ಯಾಲಕ್ಸಿಯಲ್ಲಿ ಕಪ್ಪು ಗೆರೆಯಾಗಿ ಆಳವಾಗಿ ಕಾಣುತ್ತದೆ, ಹೀಗಾಗಿ ಕೆಲವು ಕೋಟಿ ವರ್ಷಗಳಿಂದ ನೂರು ಕೋಟಿ ವರ್ಷಗಳವರೆಗಿನ ಹಿಂದಿನ ಉಬ್ಬರವನ್ನು ಅದು ಹೇಳಬಲ್ಲದು. ಅದನ್ನು ಅಳೆಯಲು ಗ್ಯಾಲಕ್ಸಿಯ ನಕ್ಷತ್ರಗಳ ನಿರಂತರ ಬೆಳಕೇ ಸ್ಪಷ್ಟವಾಗಿ ಕಾಣಬೇಕಾದ್ದರಿಂದ ಅತಿ ದೀರ್ಘ ಕಾಲ ನೋಡಿದ ರೋಹಿತಗಳು ಮಾತ್ರ ಸಾಕಾಗುತ್ತವೆ, ಮತ್ತು ಮಂಕಾದವುಗಳ ರೋಹಿತಗಳನ್ನು ಒಂದರ ಮೇಲೊಂದು ಕೂಡಿಸಬೇಕಾಗುತ್ತದೆ. ಚಿತ್ರಗಳ ಬಣ್ಣದಿಂದ ಆಯ್ದ, ರೇಖೆಯಿಲ್ಲವೆಂದು ಮೊದಲ ಪಟ್ಟಿಯಿಂದ ಬಿಟ್ಟ ಗ್ಯಾಲಕ್ಸಿಗಳಿಂದಲೇ ಆ ಕೂಡಿಕೆಯನ್ನು ಆರಂಭಿಸಿದ್ದೇವೆ.